ಸೂರ್ಯನ ನಕ್ಷೆಯಿಂದ ಶ್ವಾಸಕೋಶದ ಗಂಟಿನವರೆಗೆ: ಸಿ.ಟಿ. ಸ್ಕ್ಯಾನ್ ಖಗೋಳ ವಿಜ್ಞಾನಕ್ಕೆ ಎಷ್ಟು ಋಣಿ?

ದೂರದರ್ಶಕ_ಮೈಸೂರು

ಸಿ.ಟಿ. ಸ್ಕ್ಯಾನ್ ಯಂತ್ರವನ್ನು ನಾಸಾ ಕಂಡುಹಿಡಿಯಿತು, ಚಂದ್ರಯಾನಕ್ಕೆಂದು ಮಾಡಿದ್ದು ಕ್ಯಾನ್ಸರ್ ರೋಗಿಗಳಿಗೆ ಒದಗಿಬಂತು ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗುತ್ತಿರುತ್ತದೆ. ಅದು ನಿಜವಲ್ಲ. ಆದರೆ ಸುಳ್ಳೆಂದು ಅಳಿಸಿ ಸುಮ್ಮನಾದರೆ ಅದರ ಹಿಂದಿರುವ ನಿಜವಾದ ಕಥೆಯೂ ಕೈತಪ್ಪಿ ಹೋಗುತ್ತದೆ. ಆ ಕಥೆಯಲ್ಲಿ ಸೂರ್ಯನಿದ್ದಾನೆ, ಬೆಂಗಳೂರಿದೆ, ಶ್ವಾಸಕೋಶದ ಕ್ಯಾನ್ಸರ್ ಕೂಡ ಇದೆ. ಆದ್ದರಿಂದ ಈ ಚರ್ಚೆ.

ಸಿಡ್ನಿಯಲ್ಲಿ ಹುಟ್ಟಿದ ರೊನಾಲ್ಡ್ ಬ್ರೇಸ್‌ವೆಲ್ ರೇಡಿಯೊ ಖಗೋಳ ವಿಜ್ಞಾನಿ. 1950ರ ದಶಕದ ರೇಡಿಯೊ ದೂರದರ್ಶಕಗಳಿಗೆ ಸೂರ್ಯಬಿಂಬದ ಸಣ್ಣ ಭಾಗಗಳನ್ನು ಬಿಡಿಬಿಡಿಯಾಗಿ ನೋಡುವ ಶಕ್ತಿ ಇರಲಿಲ್ಲ. ಆಂಟೆನಾಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಬಿಂಬದ ಮೇಲೆ ಹಾಯುವ ಒಂದು ಕಿರಿದಾದ ಪಟ್ಟಿಯಿಂದ ಬರುವ ಒಟ್ಟು ರೇಡಿಯೊ ಶಕ್ತಿ ಎಷ್ಟು ಎಂಬುದಷ್ಟೇ ತಿಳಿಯುತ್ತಿತ್ತು. ಆ ಪಟ್ಟಿಯೊಳಗೆ ಯಾವ ಜಾಗದಿಂದ ಎಷ್ಟು ಬಂತೆಂದು ತಿಳಿಯುತ್ತಿರಲಿಲ್ಲ. ಪಟ್ಟಿ ಬಿಂಬದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಂತೆ ಒಂದು ವಕ್ರರೇಖೆ ಸಿಗುತ್ತದೆ, ಪಟ್ಟಿಯ ದಿಕ್ಕು ತಿರುಗಿದರೆ ಇನ್ನೊಂದು. ಇಂಥ ಹಲವು ವಕ್ರರೇಖೆಗಳಿಂದ ಇಡೀ ಬಿಂಬದ ನಕ್ಷೆಯನ್ನು ಹೇಗೆ ಕಟ್ಟಬಹುದೆಂದು ಅವರು 1956ರಲ್ಲಿ ಆಸ್ಟ್ರೇಲಿಯಾದ ಭೌತವಿಜ್ಞಾನ ಪತ್ರಿಕೆಯೊಂದರಲ್ಲಿ ತೋರಿಸಿದರು. ಆ ಹೊತ್ತಿಗೆ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದ್ದರು. ಅಲ್ಲಿ 32 ಡಿಶ್‌ಗಳನ್ನು ಶಿಲುಬೆಯಾಕಾರದಲ್ಲಿ ನಿಲ್ಲಿಸಿ ವರ್ಷಗಟ್ಟಲೆ ಪ್ರತಿದಿನ ಸೂರ್ಯನ ನಕ್ಷೆ ತೆಗೆದರು.

ಈಗ ಸೂರ್ಯನ ಜಾಗದಲ್ಲಿ ರೋಗಿಯ ಎದೆಯನ್ನಿಡಿ. ಎಕ್ಸ್‌ರೇ ಕಿರಣ ಎದೆಯನ್ನು ಹಾಯ್ದು ಹೊರಬರುವಾಗ ದಾರಿಯುದ್ದಕ್ಕೂ ಒಟ್ಟು ಎಷ್ಟು ಕ್ಷೀಣಿಸಿತು ಎಂಬ ಒಂದೇ ಸಂಖ್ಯೆ ಸಿಗುತ್ತದೆ. ಗಣಿತದ ದೃಷ್ಟಿಯಿಂದ ಎರಡೂ ಒಂದೇ ಸಮಸ್ಯೆ. 1967ರಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಖಗೋಳಭೌತ ಪತ್ರಿಕೆಯೊಂದರಲ್ಲಿ, ವಕ್ರರೇಖೆಗಳನ್ನು ಅಲೆಗಳ ಮೊತ್ತವಾಗಿ ಒಡೆಯುವ ಫೂರಿಯೆ ರೂಪಾಂತರದ ಭಾರವಾದ ಲೆಕ್ಕವನ್ನು ಬದಿಗಿಟ್ಟು, ಪ್ರತಿ ವಕ್ರರೇಖೆಯನ್ನೂ ಮೊದಲು ಒಂದು ನಿಶ್ಚಿತ ರೀತಿಯಲ್ಲಿ ತಿದ್ದಿ ಆಮೇಲೆ ಒಂದರ ಮೇಲೊಂದು ಹರಡುವ ವಿಧಾನವನ್ನು ಕೊಟ್ಟರು. ನಾಲ್ಕು ವರ್ಷಗಳ ನಂತರ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅದೇ ತತ್ತ್ವವನ್ನು ಸ್ವತಂತ್ರವಾಗಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಗಾಗಿ ರೂಪಿಸಿದರು. ರಾಮಚಂದ್ರನ್ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟುತ್ತಿದ್ದರು. ಅವರಿಬ್ಬರ ಹೆಸರಿನ ಮೊದಲಕ್ಷರಗಳಿಂದಾದ ‘ರಾಮ್-ಲ್ಯಾಕ್ ಫಿಲ್ಟರ್’ ಇಂದಿಗೂ ಪಠ್ಯಪುಸ್ತಕಗಳಲ್ಲಿ ಮೊದಲ ಪಾಠ.

ನನ್ನ ಪ್ರಶ್ನೆ ಇಷ್ಟು: ಖಗೋಳ ವಿಜ್ಞಾನದ ಈ ಕೊಡುಗೆ ಚರಿತ್ರೆಯ ಒಂದು ಟಿಪ್ಪಣಿ ಮಾತ್ರವೇ, ಅಥವಾ ಇವತ್ತು ಶ್ವಾಸಕೋಶದಲ್ಲಿ ಗಂಟು ಹುಡುಕುವವರಿಗೂ ಅದರಿಂದ ಕಲಿಯುವುದಿದೆಯೇ?

ಗಣಿತದ_ಮೇಷ್ಟ್ರು_ಶಿರಸಿ

‘ನಿಶ್ಚಿತ ರೀತಿಯಲ್ಲಿ ತಿದ್ದಿ’ ಎಂದು ಒಂದೇ ಮಾತಿನಲ್ಲಿ ದಾಟಿಬಿಟ್ಟಿದ್ದೀರಿ. ಸ್ವಾರಸ್ಯವೆಲ್ಲ ಅಲ್ಲೇ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತಿದ್ದದೆ ಹಾಗೇ ಹರಡಿದರೆ ಏನಾಗುತ್ತದೆ? ಒಂದೇ ಒಂದು ಚುಕ್ಕೆಯ ಮೇಲೆ ಎಲ್ಲ ದಿಕ್ಕುಗಳಿಂದಲೂ ಗೆರೆಗಳು ಬಿದ್ದು, ನಡುವೆ ಚುಕ್ಕೆಯೇನೋ ಮೂಡುತ್ತದೆ, ಆದರೆ ಸುತ್ತಲೂ ದೂರ ಹೋದಂತೆ ನಿಧಾನವಾಗಿ ಕರಗುವ ಮಸುಕಾದ ಪ್ರಭಾವಳಿ ಉಳಿದುಬಿಡುತ್ತದೆ. ಅದನ್ನು ಹೋಗಲಾಡಿಸಲು ಪ್ರತಿ ಅಳತೆಯ ಅಕ್ಕಪಕ್ಕದಲ್ಲಿ ಸ್ವಲ್ಪ ಋಣ ಸಂಖ್ಯೆಯನ್ನು ಸೇರಿಸಬೇಕು. ರಾಮಚಂದ್ರನ್–ಲಕ್ಷ್ಮೀನಾರಾಯಣನ್ ಕೊಟ್ಟ ಗುಣಾಂಕಗಳು ನೋಡಲು ಎಷ್ಟು ಸರಳ ಎಂದರೆ ಪಿ.ಯು.ಸಿ. ಮಕ್ಕಳೂ ಬರೆದುಕೊಳ್ಳಬಹುದು. ಅಳತೆಗಳ ನಡುವಿನ ಅಂತರವನ್ನು ಒಂದು ಎಂದಿಟ್ಟುಕೊಂಡರೆ ನಡುವಿನದು ಕಾಲು, ಅಂದರೆ 0.25, ಪಕ್ಕದ ಎರಡೂ ಪೈ ವರ್ಗದ ವ್ಯುತ್ಕ್ರಮದಷ್ಟು ಋಣ, ಅಂದರೆ ಸುಮಾರು −0.101, ಅದರಾಚೆಯವು ಸೊನ್ನೆ, ಮೂರನೆಯ ಸ್ಥಾನದಲ್ಲಿ ಮೊದಲಿನದರ ಒಂಬತ್ತನೇ ಒಂದು ಭಾಗ ಋಣ, ನಾಲ್ಕನೆಯದು ಮತ್ತೆ ಸೊನ್ನೆ, ಐದನೆಯದು ಇಪ್ಪತ್ತೈದನೇ ಒಂದು ಭಾಗ. ಹೀಗೆ ಎರಡೂ ಬದಿಗೆ ಅನಂತದವರೆಗೆ ಕೂಡಿದರೆ ಋಣ ಸಂಖ್ಯೆಗಳ ಮೊತ್ತ ಸರಿಯಾಗಿ ಕಾಲು ಆಗಿ, ಒಟ್ಟು ಸೊನ್ನೆಗೆ ಬಂದು ನಿಲ್ಲುತ್ತದೆ. ಬೆಸ ಸಂಖ್ಯೆಗಳ ವರ್ಗಗಳ ವ್ಯುತ್ಕ್ರಮಗಳ ಮೊತ್ತ ಪೈ ವರ್ಗದ ಎಂಟನೇ ಒಂದು ಭಾಗ ಎಂದು ಆಯ್ಲರ್ ಕಾಲದಿಂದ ಗೊತ್ತಿರುವ ಫಲಿತಾಂಶವೇ ಇಲ್ಲಿ ಎದೆಯ ಚಿತ್ರದ ಮಸುಕನ್ನು ತೆಗೆಯುತ್ತಿದೆ.

ಇದಕ್ಕೊಂದು ಬೆಲೆಯೂ ಇದೆ. ಈ ಫಿಲ್ಟರ್ ಅಂಚುಗಳನ್ನು ಹರಿತಗೊಳಿಸುವಾಗ ಅಳತೆಯಲ್ಲಿರುವ ಯಾದೃಚ್ಛಿಕ ಏರಿಳಿತವನ್ನೂ, ಅಂದರೆ ನಾಯ್ಸ್ ಅನ್ನೂ, ಅಷ್ಟೇ ಉತ್ಸಾಹದಿಂದ ಹಿಗ್ಗಿಸುತ್ತದೆ. ಹಾಗಾಗಿಯೇ ಅದನ್ನು ಮೃದುಗೊಳಿಸುವ ರೂಪಾಂತರಗಳು ಬಂದವು.

ಅನುಮಾನಿಸುವವ

ಲೇಖನ ಚೆನ್ನಾಗಿದೆ, ಆದರೆ ಖಗೋಳ ವಿಜ್ಞಾನಕ್ಕೆ ಸಲ್ಲಬೇಕಾದ ಋಣದ ಲೆಕ್ಕದಲ್ಲಿ ನನಗೆ ತಕರಾರಿದೆ. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಇ.ಎಂ.ಐ. ಕಂಪನಿಯಲ್ಲಿ ಕಟ್ಟಿದ ಮೊದಲ ಯಂತ್ರ ಬ್ರೇಸ್‌ವೆಲ್ ವಿಧಾನವನ್ನು ಬಳಸಲೇ ಇಲ್ಲ. ಒಂದೊಂದು ಡಿಗ್ರಿ ತಿರುಗಿಸಿ 180 ಕೋನಗಳಲ್ಲಿ, ಪ್ರತಿ ಕೋನದಲ್ಲಿ 160 ಅಳತೆಗಳಂತೆ 28,800 ಸಂಖ್ಯೆಗಳನ್ನು ಪಡೆದು, ಉತ್ತರವನ್ನು ಹಂತಹಂತವಾಗಿ ತಿದ್ದುತ್ತ ಹೋಗುವ ಬೀಜಗಣಿತದ ದಾರಿಯನ್ನು ಅವರು ಹಿಡಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಬಳಿಯ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆದದ್ದು ಹಾಗೆ. ಅವರೊಂದಿಗೆ 1979ರ ನೊಬೆಲ್ ಹಂಚಿಕೊಂಡ ಅಲನ್ ಕಾರ್ಮ್ಯಾಕ್ 1963–64ರಲ್ಲಿ ಗಣಿತವನ್ನು ತಾವೇ ಬಿಡಿಸಿಕೊಂಡಿದ್ದರು. ಅದಕ್ಕೂ ಮೊದಲು, 1917ರಲ್ಲೇ, ಆಸ್ಟ್ರಿಯಾದ ಯೋಹಾನ್ ರಾಡಾನ್ ಇಡೀ ಸಮಸ್ಯೆಯನ್ನು ಶುದ್ಧ ಗಣಿತವಾಗಿ ಬಿಡಿಸಿ ಇಟ್ಟಿದ್ದರು, ಯಾರೂ ನೋಡಿರಲಿಲ್ಲ. ಒಂದೇ ಬಾಗಿಲನ್ನು ಐದು ಜನ ಬೇರೆ ಬೇರೆ ಹೊತ್ತಿನಲ್ಲಿ ತೆರೆದಿದ್ದರೆ ಕೀಲಿಕೈ ಖಗೋಳ ವಿಜ್ಞಾನದ್ದು ಎನ್ನುವುದು ಹೇಗೆ?

ಇನ್ನೊಂದು ಮಾತು. ಸಿ.ಟಿ. ಇಡೀ ದೇಹಕ್ಕೆ ಬೇಕಾದದ್ದು. ಇಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅನ್ನೇ ಏಕೆ ಎಳೆದು ತರಬೇಕು?

ಎದೆರೋಗ_ವೈದ್ಯೆ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಶ್ವಾಸಕೋಶದ ಬಹುಪಾಲು ಗಾಳಿ. ಎಕ್ಸ್‌ರೇಯನ್ನು ಅಂಗಾಂಶ ಎಷ್ಟು ಕ್ಷೀಣಿಸಿತೆಂದು ಸಿ.ಟಿ.ಯಲ್ಲಿ ಅಳೆಯುವ ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರು ಸೊನ್ನೆ, ಗಾಳಿ −1000. ಆರೋಗ್ಯವಂತ ಶ್ವಾಸಕೋಶ ಈ ಎರಡರ ನಡುವೆ ಗಾಳಿಯ ಕಡೆಗೇ ಹೆಚ್ಚು ವಾಲಿರುತ್ತದೆ. ಅದರಲ್ಲಿ ಒಂದು ಘನ ಗಂಟು ಕುಳಿತರೆ ಅದು ನೀರಿನ ಮಟ್ಟಕ್ಕೆ ಹತ್ತಿರವಿದ್ದು, ಹಿನ್ನೆಲೆಯಿಂದ ಎದ್ದು ಕಾಣುತ್ತದೆ. ಯಕೃತ್ತಿನಲ್ಲಿ ಗಡ್ಡೆಗೂ ಸುತ್ತಲ ಅಂಗಾಂಶಕ್ಕೂ ಇಷ್ಟು ವ್ಯತ್ಯಾಸ ಇರುವುದಿಲ್ಲ. ಆದ್ದರಿಂದ ಶ್ವಾಸಕೋಶದಲ್ಲಿ ವಿಕಿರಣವನ್ನು ಬಹಳ ತಗ್ಗಿಸಿ, ಚಿತ್ರದಲ್ಲಿ ನಾಯ್ಸ್ ಹೆಚ್ಚಿದರೂ, ಗಂಟನ್ನು ಹುಡುಕಬಹುದು. ಲಕ್ಷಣಗಳೇ ಇಲ್ಲದ ಧೂಮಪಾನಿಗಳಲ್ಲಿ ಕಡಿಮೆ ವಿಕಿರಣದ ಸಿ.ಟಿ. ತಪಾಸಣೆ ಸಾಧ್ಯವಾದದ್ದು ಇದರಿಂದ.

ಅಮೆರಿಕದ ರಾಷ್ಟ್ರೀಯ ಶ್ವಾಸಕೋಶ ತಪಾಸಣಾ ಪ್ರಯೋಗದಲ್ಲಿ 55ರಿಂದ 74 ವಯಸ್ಸಿನ, ದೀರ್ಘಕಾಲ ಧೂಮಪಾನ ಮಾಡಿದ 53,454 ಜನರಿದ್ದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಾಮಾನ್ಯ ಎದೆ ಎಕ್ಸ್‌ರೇ ಗುಂಪಿಗೆ ಹೋಲಿಸಿದರೆ ಸಿ.ಟಿ. ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದಾದ ಸಾವು ಶೇ. 20ರಷ್ಟು ಕಡಿಮೆ. ದೊಡ್ಡ ಸಾಧನೆಯೇ ಸರಿ. ಆದರೆ ಅದೇ ಪ್ರಯೋಗದಲ್ಲಿ ಸಿ.ಟಿ. ಪರೀಕ್ಷೆಗಳಲ್ಲಿ ಶೇ. 24.2ರಷ್ಟು ‘ಅನುಮಾನಾಸ್ಪದ’ ಎಂದು ಬಂದವು, ಅವುಗಳಲ್ಲಿ ಶೇ. 96.4 ಹುಸಿ ಎಚ್ಚರಿಕೆಗಳು. ಗಂಟು ಕಾಣುವುದು ಕಷ್ಟವಲ್ಲ. ಕಂಡದ್ದರಲ್ಲಿ ಯಾವುದು ಕ್ಯಾನ್ಸರ್ ಎಂದು ಹೇಳುವುದು ಕಷ್ಟ. ನಮ್ಮಲ್ಲಂತೂ ವಾಸಿಯಾದ ಕ್ಷಯದ ಕಲೆಗಳೇ ಗಂಟಿನಂತೆ ಕಾಣುವುದರಿಂದ ಈ ತೊಂದರೆ ಇನ್ನೂ ಹೆಚ್ಚು.

ದೂರದರ್ಶಕ_ಮೈಸೂರು

ಅನುಮಾನಿಸುವವರ ಚರಿತ್ರೆ ಸರಿಯಾಗಿದೆ, ನಾನು ಹೌನ್ಸ್‌ಫೀಲ್ಡ್ ಅವರ ಹೆಸರನ್ನು ಬ್ರೇಸ್‌ವೆಲ್ ಅವರಿಗೆ ಕೊಡಲು ಹೊರಟಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ನಂತರದ ದಶಕಗಳಲ್ಲಿ ಆಸ್ಪತ್ರೆಗಳ ಯಂತ್ರಗಳು ಬೀಜಗಣಿತದ ದಾರಿಯನ್ನು ಬಿಟ್ಟು ತಿದ್ದಿ-ಹರಡುವ ದಾರಿಗೇ ಬಂದವು, ಏಕೆಂದರೆ ಅಂದಿನ ಗಣಕಗಳಲ್ಲಿ ವೇಗವಾಗಿ ಮುಗಿಯುತ್ತಿದ್ದದ್ದು ಅದೇ. ಎದೆಯಂತಹ ಸದಾ ಅಲುಗುವ ಅಂಗದಲ್ಲಿ, ಒಂದು ಉಸಿರು ಹಿಡಿಯುವಷ್ಟು ಹೊತ್ತಿನಲ್ಲಿ ನೂರಾರು ಪದರಗಳನ್ನು ತೆಗೆದು ಕೂಡಲೇ ಚಿತ್ರ ಮಾಡಬೇಕಾದಾಗ ಆ ವೇಗಕ್ಕೆ ಬೆಲೆ ಇತ್ತು.

ವೈದ್ಯೆಯವರು ಹೇಳಿದ ಹುಸಿ ಎಚ್ಚರಿಕೆಯ ವಿಷಯ ನಮ್ಮ ಕ್ಷೇತ್ರದವರಿಗೆ ದಿನನಿತ್ಯದ್ದು. ಸೂಪರ್‌ನೋವಾ, ಅಂದರೆ ಸ್ಫೋಟಿಸುವ ನಕ್ಷತ್ರ, ಹುಡುಕುವವರು ಆಕಾಶದ ಒಂದೇ ಭಾಗದ ಹಳೆಯ ಚಿತ್ರವನ್ನು ಹೊಸ ಚಿತ್ರದಿಂದ ಕಳೆದು ಉಳಿದದ್ದನ್ನು ನೋಡುತ್ತಾರೆ. ಉಳಿದ ಚುಕ್ಕೆಗಳಲ್ಲಿ ಹೆಚ್ಚಿನವು ಸೂಪರ್‌ನೋವಾ ಅಲ್ಲ: ಡಿಟೆಕ್ಟರ್‌ಗೆ ಬಡಿದ ಕಾಸ್ಮಿಕ್ ಕಿರಣ, ಹಾದುಹೋದ ಕ್ಷುದ್ರಗ್ರಹ, ಎರಡು ಚಿತ್ರಗಳನ್ನು ಸರಿಯಾಗಿ ಹೊಂದಿಸದೆ ಉಂಟಾದ ದೋಷ. ಅದಕ್ಕಾಗಿ ಮತ್ತೊಂದು ರಾತ್ರಿ ಅದೇ ಜಾಗವನ್ನು ನೋಡದೆ ಯಾರೂ ಘೋಷಿಸುವುದಿಲ್ಲ. ಮೊದಲ ಚಿತ್ರದಲ್ಲಿ ನಿರ್ಧರಿಸಬೇಡ, ಬದಲಾವಣೆಯನ್ನು ಅಳೆ ಎಂಬ ಈ ಶಿಸ್ತು ಶ್ವಾಸಕೋಶಕ್ಕೂ ಅನ್ವಯಿಸುವುದಿಲ್ಲವೇ?

ಎದೆರೋಗ_ವೈದ್ಯೆ

ಖಂಡಿತ ಅನ್ವಯಿಸುತ್ತದೆ, ಅದಕ್ಕೆ ಪುರಾವೆಯೂ ಇದೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ನೆಲ್ಸನ್ ಪ್ರಯೋಗದಲ್ಲಿ ಗಂಟಿನ ಅಗಲವನ್ನು ನಂಬದೆ ಗಾತ್ರವನ್ನು, ಅಂದರೆ ಘನ ಅಳತೆಯನ್ನು, ಗಣಕದಿಂದ ಅಳೆದರು. 50 ಘನ ಮಿ.ಮೀ.ಗಿಂತ ಚಿಕ್ಕದಾದರೆ ಚಿಂತೆಯಿಲ್ಲ, 500ಕ್ಕಿಂತ ದೊಡ್ಡದಾದರೆ ಕೂಡಲೇ ಪರೀಕ್ಷೆ, ನಡುವಿನದಾದರೆ ಸುಮಾರು ಮೂರು ತಿಂಗಳ ನಂತರ ಮತ್ತೊಂದು ಸ್ಕ್ಯಾನ್. ಆಗ ಗಾತ್ರ ಶೇ. 25ಕ್ಕಿಂತ ಹೆಚ್ಚು ಬೆಳೆದಿದ್ದು, ಇಮ್ಮಡಿಯಾಗುವ ಅವಧಿ 400 ದಿನಗಳಿಗಿಂತ ಕಡಿಮೆ ಇದ್ದರೆ ಮಾತ್ರ ಮುಂದಿನ ಹೆಜ್ಜೆ. 2020ರಲ್ಲಿ ಪ್ರಕಟವಾದ ಲೆಕ್ಕದಂತೆ ಗಂಡಸರಲ್ಲಿ ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ. 24ರಷ್ಟು ಕಡಿಮೆಯಾಯಿತು, ಆದರೆ ತಜ್ಞರ ಬಳಿ ಕಳುಹಿಸಬೇಕಾಗಿ ಬಂದದ್ದು ಪರೀಕ್ಷೆಗಳ ಶೇ. 2.1 ಮಾತ್ರ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ನಿಜಕ್ಕೂ ಕ್ಯಾನ್ಸರ್ ಇತ್ತು. ಎರಡು ಪ್ರಯೋಗಗಳಲ್ಲಿ ಸೇರಿದ ಜನರೂ ಬೇರೆ, ನಿಯಮಗಳೂ ಬೇರೆ ಎಂಬುದು ನಿಜ. ಆದರೂ ಇಷ್ಟು ಅಂತರದಲ್ಲಿ ದೊಡ್ಡ ಪಾಲು ‘ಕಾದು ಅಳೆಯುವ’ ನಿಯಮಕ್ಕೇ ಸಲ್ಲಬೇಕು.

ತಂತ್ರಾಂಶ_ಬೆಂಗಳೂರು

ಚಿತ್ರವನ್ನು ಕಟ್ಟುವುದರಾಚೆಗೂ ಒಂದು ಕೊಂಡಿಯಿದೆ, ಅದನ್ನು ಸೇರಿಸುತ್ತೇನೆ. ನ್ಯೂ ಮೆಕ್ಸಿಕೊದಲ್ಲಿರುವ 2.5 ಮೀಟರ್ ದೂರದರ್ಶಕದಿಂದ ನಡೆದ ಸ್ಲೋನ್ ಆಕಾಶ ಸಮೀಕ್ಷೆಯ ದತ್ತಾಂಶ ಭಂಡಾರವನ್ನು ಕಟ್ಟಿದವರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಸಲೈ ಪ್ರಮುಖರು. ಅದೇ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞೆ ಜಾನಿಸ್ ಟಾಬ್ ಅವರೊಡನೆ ಸೇರಿ ‘ಆಸ್ಟ್ರೋಪಾಥ್’ ಎಂಬ ವ್ಯವಸ್ಥೆಯನ್ನು ಮಾಡಿ 2021ರಲ್ಲಿ ಪ್ರಕಟಿಸಿದರು.

ಅಲ್ಲಿ ಆಗುವುದು ಇಷ್ಟು. ಗಡ್ಡೆಯ ತೆಳು ಪದರದಲ್ಲಿ ಕೋಶಗಳ ಬಗೆ ತಿಳಿಸುವ ಪಿಡಿ-1, ಪಿಡಿ-ಎಲ್1, ಸಿಡಿ8 ಮುಂತಾದ ಆರು ಪ್ರೋಟೀನ್ ಗುರುತುಗಳಿಗೆ ಹೊಳೆಯುವ ಬಣ್ಣಗಳನ್ನು ಅಂಟಿಸಿ, ಇಡೀ ಗಾಜುಪಟ್ಟಿಯನ್ನು ಒಂದರ ಮೇಲೊಂದು ಸ್ವಲ್ಪ ಹಾಯುವ ನೂರಾರು ತುಣುಕು ಚಿತ್ರಗಳಾಗಿ ತೆಗೆಯುತ್ತಾರೆ. ಮಸೂರದ ದೋಷದಿಂದ ಪ್ರತಿ ತುಣುಕಿನ ಅಂಚು ಸ್ವಲ್ಪ ಮಂಕಾಗಿರುತ್ತದೆ, ಅದನ್ನು ಸಮಮಾಡಬೇಕು. ತುಣುಕುಗಳು ಹಾಯುವ ಜಾಗದಲ್ಲಿ ಒಂದೇ ಜೀವಕೋಶ ಎರಡು ಬಾರಿ ಎಣಿಕೆಯಾಗದಂತೆ ಹೊಲಿಯಬೇಕು. ಇವತ್ತಿನ ಬಣ್ಣವೂ ಮುಂದಿನ ತಿಂಗಳ ಬಣ್ಣವೂ ಒಂದೇ ಮಾನದಲ್ಲಿರಬೇಕು. ಆಕಾಶ ಸಮೀಕ್ಷೆ ಮಾಡುವವರಿಗೆ ಇವೆಲ್ಲ ಹಳೆಯ ಗೋಳು. ಕೊನೆಗೆ ಪ್ರತಿ ಜೀವಕೋಶಕ್ಕೂ ನಕ್ಷತ್ರಪಟ್ಟಿಯಲ್ಲಿರುವಂತೆ ಸ್ಥಾನ, ಹೊಳಪು, ಬಗೆ ಎಂಬ ಒಂದು ಸಾಲು ದತ್ತಾಂಶ ಭಂಡಾರದಲ್ಲಿ ಸೇರುತ್ತದೆ. ಆಮೇಲೆ ‘ಕ್ಯಾನ್ಸರ್ ಕೋಶದಿಂದ ಇಂತಿಷ್ಟು ದೂರದೊಳಗೆ ಈ ಬಗೆಯ ರೋಗನಿರೋಧಕ ಕೋಶಗಳೆಷ್ಟು’ ಎಂದು ಕೇಳಬಹುದು. ರೋಗನಿರೋಧಕ ಕೋಶಗಳ ಮೇಲಿನ ಕಡಿವಾಣ ಸಡಿಲಿಸಲು ಪಿಡಿ-1 ತಡೆಯುವ ಔಷಧಿ ಯಾವ ರೋಗಿಗೆ ಫಲಿಸೀತು ಎಂಬುದನ್ನು ಇದರಿಂದ ಊಹಿಸುವುದು ಅವರ ಗುರಿ.

ಮೊದಲ ಅಧ್ಯಯನ ನಡೆದದ್ದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಮೇಲೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ವರ್ಗದ ಔಷಧಿಗಳು ಶ್ವಾಸಕೋಶದ ಕ್ಯಾನ್ಸರ್‌ನಲ್ಲೂ ಇಂದು ಮುಖ್ಯ ಚಿಕಿತ್ಸೆ. ಅಲ್ಲಿ ಶೇ. 50 ಅಥವಾ ಅದಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳಲ್ಲಿ ಪಿಡಿ-ಎಲ್1 ಇದೆಯೇ ಎಂಬುದನ್ನು ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಕಣ್ಣಂದಾಜಿನಿಂದ ಹೇಳುವುದೇ ಇನ್ನೂ ವಾಡಿಕೆ. ಕೋಶಗಳ ನಕ್ಷೆ ಅಲ್ಲಿಗೂ ತಲುಪಬೇಕಾದ ಕಾರಣ ಇದೇ.

ಅನುಮಾನಿಸುವವ

ಇದನ್ನು ಒಪ್ಪುತ್ತೇನೆ: ಇಲ್ಲಿ ಜನರೇ ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ನಡೆದುಹೋಗಿ ಕೆಲಸ ಮಾಡಿದ್ದಾರೆ, ಆದ್ದರಿಂದ ಋಣ ಎಂಬ ಮಾತು ಸಲ್ಲುತ್ತದೆ. ಬ್ರೇಸ್‌ವೆಲ್ ವಿಷಯದಲ್ಲಿ ಅದು ಪೂರ್ತಿ ಸಲ್ಲುವುದಿಲ್ಲ ಎಂಬ ನನ್ನ ಅಭಿಪ್ರಾಯ ಹಾಗೇ ಇದೆ.

ಆದರೆ ಆಕಾಶದ ಶಿಸ್ತನ್ನು ಆಸ್ಪತ್ರೆಗೆ ತರುವಾಗ ಒಂದು ಎಚ್ಚರಿಕೆ ಬೇಕು. ತಪ್ಪಾಗಿ ಸೂಪರ್‌ನೋವಾ ಎಂದ ಚುಕ್ಕೆಗೆ ನೋವಾಗುವುದಿಲ್ಲ. ತಪ್ಪಾಗಿ ಕ್ಯಾನ್ಸರ್ ಎಂದ ಗಂಟಿಗೆ ಸೂಜಿ ಚುಚ್ಚಿದರೆ ಶ್ವಾಸಕೋಶದಿಂದ ಗಾಳಿ ಸೋರಬಹುದು. ಖಗೋಳ ವಿಜ್ಞಾನಿ ಇನ್ನೊಂದು ಚಿತ್ರ ತೆಗೆದರೆ ಖರ್ಚಾಗುವುದು ದೂರದರ್ಶಕದ ಸಮಯ. ವೈದ್ಯರು ಇನ್ನೊಂದು ಚಿತ್ರ ತೆಗೆದರೆ ರೋಗಿ ಮತ್ತೊಂದು ಪಾಲು ವಿಕಿರಣ ತಿನ್ನಬೇಕು. ನಕ್ಷತ್ರಗಳು ತಾವೇ ಬೆಳಕು ಕೊಡುತ್ತವೆ, ಎದೆಗೆ ನಾವು ಬೆಳಕು ಹಾಯಿಸಬೇಕು.

ಎಕ್ಸ್‌ರೇ_ಕೋಣೆ_ಹುಬ್ಬಳ್ಳಿ

ವಿಕಿರಣದ ಮಾತು ಬಂದದ್ದರಿಂದ ರೇಡಿಯಾಲಜಿ ವಿಭಾಗದಲ್ಲಿ ಕೆಲಸ ಮಾಡುವವಳಾಗಿ ಹೇಳುತ್ತಿದ್ದೇನೆ. ತಪಾಸಣೆಯ ಕಡಿಮೆ ವಿಕಿರಣದ ಸಿ.ಟಿ.ಯಲ್ಲಿ ಸುಮಾರು 1.5 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಮಾನ). ಯಾವ ಸ್ಕ್ಯಾನೂ ಮಾಡಿಸದ ಮನುಷ್ಯನಿಗೂ ಪ್ರಕೃತಿಯಿಂದಲೇ ವರ್ಷಕ್ಕೆ ಜಗತ್ತಿನ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ಅದರಲ್ಲಿ ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಪಾಲು 0.4ರಷ್ಟು, ಅರ್ಧಕ್ಕಿಂತ ಹೆಚ್ಚು ಪಾಲು ನೆಲದಿಂದ ಏಳುವ ರೇಡಾನ್ ಅನಿಲದ್ದು. ಈ ರೇಡಾನ್ ಸ್ವತಃ ಶ್ವಾಸಕೋಶದ ಕ್ಯಾನ್ಸರ್‌ಗೆ ಒಂದು ಕಾರಣ. ಹಾಗೆಂದು ಸ್ಕ್ಯಾನ್ ಬೇಕಾಬಿಟ್ಟಿ ಮಾಡಿಸಬಹುದು ಎಂದಲ್ಲ. ಅಪಾಯ ಹೆಚ್ಚಿರುವವರಲ್ಲಿ ಲಾಭ ಹೆಚ್ಚು ಎಂಬ ಲೆಕ್ಕದ ಮೇಲೆಯೇ ಪ್ರಯೋಗಗಳು ನಡೆದದ್ದು.

ಮೇಷ್ಟ್ರು ಹೇಳಿದ ಫಿಲ್ಟರ್ ವಿಷಯ ನಮ್ಮ ಕನ್ಸೋಲಿನಲ್ಲಿ ದಿನವೂ ಇದೆ, ನಾವು ಅದನ್ನು ‘ಕರ್ನೆಲ್’ ಎನ್ನುತ್ತೇವೆ. ಅದೇ ರೋಗಿಯ ಅದೇ ಸ್ಕ್ಯಾನ್‌ನಿಂದ ‘ಲಂಗ್’ ಕರ್ನೆಲ್‌ನಲ್ಲಿ ಹರಿತವಾದ ಚಿತ್ರ, ‘ಸಾಫ್ಟ್’ ಕರ್ನೆಲ್‌ನಲ್ಲಿ ನಯವಾದ ಚಿತ್ರ ಎರಡನ್ನೂ ಮಾಡಿ ಕಳುಹಿಸುತ್ತೇವೆ. ಒಂದೇ ಗಂಟನ್ನು ಎರಡರಲ್ಲೂ ಗಣಕದಿಂದ ಅಳೆದರೆ ಗಾತ್ರ ಒಂದೇ ಬರುವುದಿಲ್ಲ, ಏಕೆಂದರೆ ಅಂಚು ಎಲ್ಲಿ ಮುಗಿಯಿತೆಂದು ತಂತ್ರಾಂಶ ನಿರ್ಧರಿಸುವುದು ಕರ್ನೆಲ್ ಮೇಲೆ ನಿಂತಿದೆ.

ಮಗಳು_ದಾವಣಗೆರೆ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಈಗ ಕೇಳಲೇಬೇಕಾಗಿದೆ. ನಮ್ಮ ತಂದೆಯವರಿಗೆ ಅರವತ್ತೇಳು, ಬಹಳ ವರ್ಷ ಬೀಡಿ ಸೇದಿದವರು. ಮೊದಲ ಸ್ಕ್ಯಾನ್ ವರದಿಯಲ್ಲಿ ಬಲ ಶ್ವಾಸಕೋಶದ ಮೇಲಿನ ಭಾಗದಲ್ಲಿ 6 ಮಿ.ಮೀ. ಗಂಟು ಎಂದಿತ್ತು. ಕೆಲವು ತಿಂಗಳ ನಂತರ ಬೇರೊಂದು ಕೇಂದ್ರದಲ್ಲಿ ಮಾಡಿಸಿದಾಗ 7 ಮಿ.ಮೀ. ಎಂದು ಬಂತು. ಒಂದೇ ಮಿಲಿಮೀಟರ್ ಎಂದು ಮನೆಯವರು ಸಮಾಧಾನ ಹೇಳುತ್ತಿದ್ದಾರೆ. ಗಾತ್ರದ ಲೆಕ್ಕ ಓದಿದ ಮೇಲೆ ನನಗೆ ಹೆದರಿಕೆಯಾಗಿದೆ. ಇದು ಬೆಳೆದಿದೆ ಎಂದೇ ಅರ್ಥವೇ?

ಗಣಿತದ_ಮೇಷ್ಟ್ರು_ಶಿರಸಿ

ತಾಯೀ, ಲೆಕ್ಕವನ್ನಷ್ಟೇ ಹೇಳುತ್ತೇನೆ, ವೈದ್ಯಕೀಯ ಅರ್ಥವನ್ನು ವೈದ್ಯರು ಹೇಳಲಿ. ಗುಂಡಗಿನ ಗಂಟಾದರೆ 6 ಮಿ.ಮೀ.ಗೆ ಗಾತ್ರ 113 ಘನ ಮಿ.ಮೀ., 7 ಮಿ.ಮೀ.ಗೆ 180. ಶೇ. 59ರಷ್ಟು ಹೆಚ್ಚಳ. ಆದರೆ 6.4 ಇದ್ದದ್ದನ್ನು ಒಬ್ಬರು 6 ಎಂದೂ, 6.6 ಇದ್ದದ್ದನ್ನು ಇನ್ನೊಬ್ಬರು 7 ಎಂದೂ ಬರೆದಿದ್ದರೆ ನಿಜವಾದ ಹೆಚ್ಚಳ ಶೇ. 10ನ್ನೂ ಮುಟ್ಟುವುದಿಲ್ಲ. ವರದಿಯಲ್ಲಿರುವ ಎರಡು ಪೂರ್ಣಾಂಕಗಳಿಂದ ಯಾವುದು ನಿಜವೆಂದು ಹೇಳಲಾಗದು.

ಎದೆರೋಗ_ವೈದ್ಯೆ

ಮೇಷ್ಟ್ರ ಮಾತು ಸರಿ. ಬೇರೆ ಯಂತ್ರ, ಬೇರೆ ಪದರದ ದಪ್ಪ, ಬೇರೆ ಕರ್ನೆಲ್, ಉಸಿರು ಹಿಡಿದ ಪ್ರಮಾಣ ಬೇರೆ, ಅಳೆದ ಕೈ ಬೇರೆ ಇದ್ದಾಗ ಒಂದು ಮಿ.ಮೀ. ವ್ಯತ್ಯಾಸವನ್ನು ಬೆಳವಣಿಗೆ ಎನ್ನಲಾಗದು. ಹಾಗೆಂದು ಬೆಳೆದಿಲ್ಲ ಎಂದೂ ಹೇಳಲಾಗದು. ನಿಮ್ಮ ತಂದೆಯವರ ವಯಸ್ಸು, ಬೀಡಿಯ ಅಭ್ಯಾಸ, ಗಂಟು ಮೇಲಿನ ಭಾಗದಲ್ಲಿರುವುದು ಇವೆಲ್ಲ ಅಲಕ್ಷಿಸುವಂಥವಲ್ಲ. ಹಾಗೆಯೇ ಮೇಲಿನ ಭಾಗ ಹಳೆಯ ಕ್ಷಯದ ಕಲೆಗಳು ಸಾಮಾನ್ಯವಾಗಿ ಕುಳಿತುಕೊಳ್ಳುವ ಜಾಗವೂ ಹೌದು. ವರದಿಯ ಕಾಗದಗಳನ್ನಲ್ಲ, ಎರಡೂ ಸ್ಕ್ಯಾನ್‌ಗಳ ಚಿತ್ರಗಳನ್ನು ಒಬ್ಬರೇ ರೇಡಿಯಾಲಜಿಸ್ಟ್ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ತಡಮಾಡದೆ ಎದೆರೋಗ ತಜ್ಞರನ್ನು ಕಾಣಿ, ಮುಂದಿನ ಸ್ಕ್ಯಾನ್ ಯಾವಾಗ ಎಂಬುದನ್ನು ಅವರೇ ತೀರ್ಮಾನಿಸಲಿ.

ಮಗಳು_ದಾವಣಗೆರೆ

ಮೊದಲ ಕೇಂದ್ರದವರು ಫಿಲ್ಮ್ ಮತ್ತು ಕಾಗದ ಮಾತ್ರ ಕೊಟ್ಟಿದ್ದಾರೆ, ಮೇಡಂ. ಅವರ ಬಳಿ ಏನು ಕೇಳಬೇಕು? ಹಳೆಯ ಸ್ಕ್ಯಾನನ್ನು ಹೊಸದರ ಹಾಗೆಯೇ ಮತ್ತೊಮ್ಮೆ ಮಾಡಿಕೊಡಿ ಎಂದರೆ ಆಗುತ್ತದೆಯೇ?

ಎಕ್ಸ್‌ರೇ_ಕೋಣೆ_ಹುಬ್ಬಳ್ಳಿ

ಅಕ್ಕಾ, ಹಳೆಯದನ್ನು ಬೇರೆ ಕರ್ನೆಲ್‌ನಲ್ಲಿ ಮತ್ತೆ ಕಟ್ಟಲು ಯಂತ್ರದ ಮೂಲ ಅಳತೆಗಳೇ ಬೇಕು, ಅಂದರೆ ಮೇಲೆ ಹೇಳಿದ ಆ ವಕ್ರರೇಖೆಗಳು. ಅವು ಬಹಳ ಜಾಗ ತಿನ್ನುವುದರಿಂದ ಯಂತ್ರದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ, ತಿಂಗಳುಗಳ ನಂತರ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಆದರೆ ಕಟ್ಟಿದ ಚಿತ್ರಗಳು ಸರ್ವರ್‌ನಲ್ಲಿ ಇರುತ್ತವೆ. ‘ಡೈಕಾಮ್ ಸಿ.ಡಿ. ಬೇಕು, ತೆಳು ಪದರದ ಸೀರೀಸ್ ಅದರಲ್ಲಿರಬೇಕು’ ಎಂದು ಕೇಳಿ (ಡೈಕಾಮ್ ಎಂದರೆ ಸ್ಕ್ಯಾನ್ ಚಿತ್ರಗಳ ಗಣಕ ಕಡತ), 5 ಮಿ.ಮೀ. ಪದರಗಳನ್ನಷ್ಟೇ ಹಾಕಿಕೊಟ್ಟರೆ 6 ಮಿ.ಮೀ. ಗಂಟು ಒಂದೆರಡು ಪದರಗಳಲ್ಲೇ ಮುಗಿದು ಅಳತೆಗೆ ಸಿಗುವುದಿಲ್ಲ. 1 ಮಿ.ಮೀ. ಆಸುಪಾಸಿನದು ಬೇಕು. ಎರಡನೆಯ ಕೇಂದ್ರದಿಂದಲೂ ಹಾಗೆಯೇ ತೆಗೆದುಕೊಳ್ಳಿ. ಪ್ರತಿ ಚಿತ್ರದ ಕಡತದಲ್ಲೇ ಯಂತ್ರ, ಪದರದ ದಪ್ಪ, ಕರ್ನೆಲ್ ಎಲ್ಲ ದಾಖಲಾಗಿರುತ್ತದೆ, ರೇಡಿಯಾಲಜಿಸ್ಟ್ ನೋಡಿಕೊಳ್ಳುತ್ತಾರೆ. ಮೂರನೆಯ ಸ್ಕ್ಯಾನ್ ಬೇಕೆಂದರೆ ಇವೆರಡರಲ್ಲಿ ತೆಳು ಪದರ ಸಿಕ್ಕಿದ ಕೇಂದ್ರದಲ್ಲೇ ಮಾಡಿಸಿ, ಹೋಗುವಾಗ ಹಳೆಯ ಸಿ.ಡಿ.ಯನ್ನು ಕೈಯಲ್ಲಿ ಹಿಡಿದು, ‘ಇದೇ ಪ್ರೋಟೋಕಾಲ್‌ನಲ್ಲಿ ಮಾಡಿ, ಹೋಲಿಸಿ ವರದಿ ಕೊಡಿ’ ಎಂದು ಮೊದಲೇ ಹೇಳಿ.